ಹೊಲ ಹಂಚಿದ ಮೇಲೆ: ಕಿರ್ಗಿಜ್ ರೈತರ ಅನುಭವದಿಂದ ಒಂದು ಪಾಠ

ಉಳುವವನಿಗೆ ನೆಲ ದೊರೆತರೆ ಒಕ್ಕಲಿಗನ ಕಷ್ಟವೆಲ್ಲ ತೀರಿತೆಂಬ ಮಾತನ್ನು ನಾವು ಬಹಳ ಕಾಲದಿಂದ ಕೇಳುತ್ತ ಬಂದಿದ್ದೇವೆ. ನೆಲವಿಲ್ಲದೆ ಒಕ್ಕಲುತನವಿಲ್ಲವೆಂಬುದು ನಿಜ. ಆದರೆ ನೆಲವೊಂದೇ ಕೈಗೆ ಬಂದು, ಕಾಲುವೆಗೆ ದಿಕ್ಕಿಲ್ಲದೆ, ಬೀಜಕ್ಕೆ ಸಾಲ ಹುಟ್ಟದೆ, ಬೆಳೆದ ಮಾಲಿಗೆ ಪೇಟೆಯಿಲ್ಲದೆ ಹೋದರೆ ಏನಾಗುತ್ತದೆ? ಈ ಪ್ರಶ್ನೆಗೆ ಊಹೆಯಿಂದ ಉತ್ತರ ಹೇಳಬೇಕಾಗಿಲ್ಲ. ಒಂದು ಇಡೀ ದೇಶದ ಒಕ್ಕಲುಮಕ್ಕಳು ಅದನ್ನು ಉಂಡು ತೋರಿಸಿದ್ದಾರೆ. ಆ ದೇಶ ಮಧ್ಯ ಏಶಿಯದ ಕಿರ್ಗಿಜ್‌ಸ್ತಾನ.

1991ರ ಡಿಸೆಂಬರದಲ್ಲಿ ಸೋವಿಯೆತ್ ಒಕ್ಕೂಟವು ಒಡೆದು ಹದಿನೈದು ಸ್ವತಂತ್ರ ದೇಶಗಳಾದವು. ಅಲ್ಲಿಯವರೆಗೆ ಎಲ್ಲವೂ ಸರಕಾರದ ಯೋಜನೆಯಂತೆ ನಡೆಯುತ್ತಿದ್ದ ಈ ನಾಡುಗಳು ಒಮ್ಮೆಲೇ ಪೇಟೆಯ ವ್ಯವಹಾರಕ್ಕೆ ತಿರುಗಬೇಕಾಯಿತು. ಒಂದೊಂದು ದೇಶ ಒಂದೊಂದು ಹಾದಿ ಹಿಡಿಯಿತು. ಕಿರ್ಗಿಜರು ಕೂಟದ ಬೇಸಾಯವನ್ನು ಬೇಗನೆ ಮುರಿದು ಹೊಲಗಳನ್ನು ಮನೆಮನೆಗೆ ಹಂಚಿದರು. ಅವರ ಲಾಭ ನಷ್ಟಗಳನ್ನು ಒಂದೊಂದಾಗಿ ನೋಡುವುದೇ ಈ ವಾರದ ಪಾಠ.

ನಮ್ಮಲ್ಲಿಯೂ ಈ ವಿಷಯ ಹೊಸದಲ್ಲ. 1959ರ ಜನವರಿಯಲ್ಲಿ ನಾಗಪುರದಲ್ಲಿ ಕೂಡಿದ ಕಾಂಗ್ರೆಸ್ ಅಧಿವೇಶನವು ಸಹಕಾರಿ ಕೂಡುಬೇಸಾಯವನ್ನು ಒಪ್ಪಿ ನಿರ್ಣಯ ಮಾಡಿತ್ತು. ಅದರ ಮೇಲೆ ದೇಶದಲ್ಲೆಲ್ಲ ದೊಡ್ಡ ಚರ್ಚೆ ನಡೆಯಿತು. ಕೊನೆಗೆ ಅದು ಆಚರಣೆಗೆ ಬರಲಿಲ್ಲ. ಹೀಗಾಗಿ ಕೂಟದ ಬೇಸಾಯ ಕಟ್ಟುವ ವಾದವನ್ನು ನಮ್ಮ ಹಿರಿಯರು ಕೇಳಿದ್ದಾರೆ. ಕಟ್ಟಿದ್ದನ್ನು ಬಿಚ್ಚುವಾಗ ಏನಾಗುತ್ತದೆಂಬುದನ್ನು ಕಿರ್ಗಿಜರಿಂದ ತಿಳಿಯಬಹುದು.

ನಾಡಿನ ಪರಿಚಯ

ಕಿರ್ಗಿಜ್‌ಸ್ತಾನದ ವಿಸ್ತಾರ ಸುಮಾರು 2 ಲಕ್ಷ ಚದರ ಕಿಲೋಮೀಟರು, ಅಂದರೆ ಕರ್ನಾಟಕಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ಮಾತ್ರ 70 ಲಕ್ಷದ ಆಸುಪಾಸು. ನೆಲದ ನೂರಕ್ಕೆ ತೊಂಬತ್ತು ಪಾಲು ಬೆಟ್ಟ. ತಿಯೆನ್‌ಶಾನ್ ಎಂಬ ಹಿಮದ ಪರ್ವತಗಳು ದೇಶದ ಉದ್ದಗಲಕ್ಕೂ ಹಬ್ಬಿವೆ. ಉಳಲು ಬರುವ ನೆಲ ನೂರಕ್ಕೆ ಏಳರಷ್ಟು ಮಾತ್ರ. ಆದರೆ ಹುಲ್ಲುಗಾವಲು ಸುಮಾರು 90 ಲಕ್ಷ ಹೆಕ್ಟೇರು, ದೇಶದ ಅರ್ಧಕ್ಕೆ ಹತ್ತಿರ. ರಾಜಧಾನಿ ಬಿಷ್ಕೆಕ್. ಉತ್ತರದ ಚೂಯ್ ಕಣಿವೆಯಲ್ಲಿ ಗೋದಿ, ಜವೆಗೋದಿ, ಸಕ್ಕರೆ ಗಡ್ಡೆ. ದಕ್ಷಿಣದ ಓಶ್, ಜಲಾಲಾಬಾದ್ ಕಡೆಯ ತಗ್ಗಿನಲ್ಲಿ ಹತ್ತಿ. ಎತ್ತರದ ನಾರಿನ್ ಪ್ರಾಂತದಲ್ಲಿ ಕುರಿ, ಕುದುರೆ, ಯಾಕ್. ಮಳೆ ಕಡಿಮೆ. ಬೆಟ್ಟದ ಹಿಮ ಕರಗಿ ಬಂದ ನೀರೇ ಬೆಳೆಗೆ ಆಧಾರ.

ಕಿರ್ಗಿಜರು ಮೂಲತಃ ಕುರಿಗಾರರು. ಬೇಸಗೆಯಲ್ಲಿ ಮಂದೆಯೊಡನೆ ಎತ್ತರದ ಹುಲ್ಲುಗಾವಲಿಗೆ ಏರುವುದು, ಚಳಿಗಾಲದಲ್ಲಿ ಕಣಿವೆಗೆ ಇಳಿಯುವುದು ಅವರ ಹಳೆಯ ಪದ್ಧತಿ. ಎತ್ತರದ ಬೇಸಗೆ ಹುಲ್ಲುಗಾವಲಿಗೆ ಅವರು ‘ಜಾಯ್ಲೂ’ ಎನ್ನುತ್ತಾರೆ.

ಹಳೆಯ ಏರ್ಪಾಡು

1930ರ ಸುಮಾರಿಗೆ ಸೋವಿಯೆತ್ ಸರಕಾರವು ಈ ಅಲೆಮಾರಿ ಜನರನ್ನು ಬಲವಂತದಿಂದ ಊರುಗಳಲ್ಲಿ ನಿಲ್ಲಿಸಿ, ನೆಲ ಮತ್ತು ದನಕುರಿಗಳನ್ನು ಕೂಟಕ್ಕೆ ಸೇರಿಸಿತು. ಎರಡು ಬಗೆಯ ಕೂಟಗಳಿದ್ದವು. ‘ಕೊಲ್ಖೋಜ್’ ಎಂದರೆ ಹೆಸರಿಗೆ ಸದಸ್ಯರ ಸಂಘ. ‘ಸೋವ್ಖೋಜ್’ ಎಂದರೆ ಸಂಬಳದ ಆಳುಗಳಿರುವ ಸರಕಾರಿ ಬೇಸಾಯ. ಏನು ಬಿತ್ತಬೇಕು, ಎಷ್ಟು ಉಣ್ಣೆ ಕೊಡಬೇಕು ಎಂಬ ಲೆಕ್ಕವೆಲ್ಲ ಎರಡು ಕಡೆಯೂ ಮೇಲಿನಿಂದಲೇ ಬರುತ್ತಿತ್ತು.

ಈ ಏರ್ಪಾಡಿನಿಂದ ಆದ ಒಳಿತನ್ನು ಮರೆಯಬಾರದು. ದೂರದ ಬೆಟ್ಟದ ಹಳ್ಳಿಗೂ ಶಾಲೆ ಬಂತು, ದವಾಖಾನೆ ಬಂತು, ದೀಪ ಬಂತು. ಓದು ಬರಹ ಬಾರದವರು ಇಲ್ಲವೆನ್ನುವಷ್ಟಾಯಿತು. ಕೂಟವು ಹೊಲ ಉಳುವುದರ ಜೊತೆಗೆ ಮಕ್ಕಳ ಶಿಶುವಿಹಾರ, ಚಳಿಗಾಲದ ಕಲ್ಲಿದ್ದಲು, ರಸ್ತೆ, ಮದುವೆ ಮುಂಜಿಗೆ ಸಭಾಭವನ, ಎಲ್ಲವನ್ನೂ ನೋಡಿಕೊಳ್ಳುತ್ತಿತ್ತು.

ಕೆಡುಕೂ ಅದರಲ್ಲಿಯೇ ಬೆಳೆಯುತ್ತಿತ್ತು. ನೆಲ ಎಲ್ಲರದಾದುದರಿಂದ ಯಾರದೂ ಆಗಿರಲಿಲ್ಲ. ಮನೆಯ ಹಿತ್ತಿಲಿನ ಸ್ವಂತ ತುಂಡಿನಲ್ಲಿ ತೋರುವ ಆಸ್ಥೆಯನ್ನು ಜನರು ಕೂಟದ ಹೊಲದಲ್ಲಿ ತೋರಲಿಲ್ಲ. ಇನ್ನೊಂದು ಕೆಡುಕು ಮೊದಲು ಕಣ್ಣಿಗೆ ಬೀಳಲಿಲ್ಲ. ಕುರಿ ಕಾಯುವವನಿಗೆ ಕುರಿ ಮಾತ್ರ ಗೊತ್ತು, ಹಾಲು ಕರೆಯುವವಳಿಗೆ ಹಾಲು ಮಾತ್ರ, ಟ್ರಾಕ್ಟರು ನಡೆಸುವವನಿಗೆ ಟ್ರಾಕ್ಟರು ಮಾತ್ರ, ಲೆಕ್ಕ ಬರೆಯುವವನಿಗೆ ಲೆಕ್ಕ ಮಾತ್ರ. ಬಿತ್ತನೆಯಿಂದ ಮಾರಾಟದವರೆಗೆ ಇಡೀ ಒಕ್ಕಲುತನವನ್ನು ತಾನೇ ನಡೆಸಬಲ್ಲ ರೈತ ಎರಡು ತಲೆಮಾರಿನಲ್ಲಿ ಅಪರೂಪವಾಗಿಬಿಟ್ಟಿದ್ದನು.

ಕಟ್ಟು ಹರಿದಾಗ

ಕಿರ್ಗಿಜ್‌ಸ್ತಾನವು 1991ರ ಆಗಸ್ಟ್ 31ರಂದು ಸ್ವಾತಂತ್ರ್ಯ ಘೋಷಿಸಿತು. ಆ ವರ್ಷದ ಕೊನೆಗೆ ಒಕ್ಕೂಟವೇ ಇಲ್ಲವಾದಾಗ ಮಾಸ್ಕೋದಿಂದ ಬರುತ್ತಿದ್ದ ಹಣ ನಿಂತಿತು. ಕುರಿಗೆ ಹಾಕುವ ಕಾಳು, ಟ್ರಾಕ್ಟರಿನ ಬಿಡಿಭಾಗ, ಎಣ್ಣೆ, ಗೊಬ್ಬರ, ಇವು ಹೆಚ್ಚಾಗಿ ಬೇರೆ ಗಣರಾಜ್ಯಗಳಿಂದ ಬರುತ್ತಿದ್ದವು. ಅವೆಲ್ಲ ಈಗ ಪರದೇಶಗಳಾದವು, ಬೆಲೆ ಕೇಳತೊಡಗಿದವು. ಇಲ್ಲಿಯ ಉಣ್ಣೆ, ಮಾಂಸ, ಸಕ್ಕರೆಗಳನ್ನು ಕೊಳ್ಳುತ್ತಿದ್ದ ಗಿರಣಿಗಳೂ ಕೆಲಸ ನಿಲ್ಲಿಸಿದ್ದವು.

1993ರ ಮೇ ತಿಂಗಳಲ್ಲಿ ರೂಬಲನ್ನು ಬಿಟ್ಟು ‘ಸೋಮ್’ ಎಂಬ ಸ್ವಂತ ನಾಣ್ಯ ತಂದರು. ಆ ಒಂದೆರಡು ವರ್ಷಗಳಲ್ಲಿ ಬೆಲೆಗಳು ವರ್ಷ ಕಳೆಯುವುದರೊಳಗೆ ಹತ್ತು ಪಟ್ಟಿನಷ್ಟು ಏರುತ್ತಿದ್ದವು. ಜೀವಮಾನದ ಉಳಿತಾಯ ಕರಗಿ ಹೋಯಿತು. 1995ರ ಹೊತ್ತಿಗೆ ದೇಶದ ಒಟ್ಟು ಉತ್ಪತ್ತಿ 1990ರಲ್ಲಿ ಇದ್ದುದರ ಅರ್ಧಕ್ಕೆ ಇಳಿಯಿತು. ಕೂಲಿಗೆ ದುಡ್ಡಿನ ಬದಲು ಹಿಟ್ಟು, ಸಕ್ಕರೆ ಕೊಡುವುದು ಸಾಮಾನ್ಯವಾಯಿತು. ಪಟ್ಟಣದ ಕಾರ್ಖಾನೆಗಳು ಮುಚ್ಚಿ, ಕೆಲಸ ಕಳೆದುಕೊಂಡವರು ಹೊಟ್ಟೆಪಾಡಿಗಾಗಿ ಹಳ್ಳಿಗೆ ಮರಳಿದರು. ದುಡಿಯುವವರಲ್ಲಿ ಮೂರರಲ್ಲೊಂದು ಪಾಲಿದ್ದ ಬೇಸಾಯಗಾರರು ಹತ್ತು ವರ್ಷದೊಳಗೆ ಅರ್ಧದಷ್ಟಾದರು. ದೇಶ ಮುಂದುವರಿಯುವಾಗ ಜನ ಹೊಲ ಬಿಟ್ಟು ಕಾರ್ಖಾನೆಗೆ ಹೋಗುತ್ತಾರೆ. ಇಲ್ಲಿ ಅದು ಹಿಂದುಮುಂದಾಯಿತು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಹೊಲ ಹಂಚಿದ ರೀತಿ

ಇಂತಹ ಬಿರುಗಾಳಿಯ ನಡುವೆಯೇ ಹೊಲ ಹಂಚುವ ಕೆಲಸವೂ ನಡೆಯಿತು. ಕೂಟಗಳ ಉಳುವ ನೆಲದಲ್ಲಿ ನಾಲ್ಕನೆಯ ಒಂದು ಪಾಲನ್ನು ಸರಕಾರದ ಮೀಸಲು ನಿಧಿಯಾಗಿ ಇಟ್ಟುಕೊಂಡು, ಉಳಿದುದನ್ನು ಆಯಾ ಊರಿನ ಜನರಿಗೆ ತಲೆಗೆ ಇಷ್ಟೆಂದು ಹಂಚಿದರು. ಗಂಡಸು, ಹೆಂಗಸು, ಮಗು, ಎಲ್ಲರಿಗೂ ಪಾಲು. ಮೊದಲು 49 ವರ್ಷಗಳ ಅನುಭೋಗದ ಹಕ್ಕು ಕೊಟ್ಟರು; ಆಮೇಲೆ ಅದನ್ನು 99 ವರ್ಷಕ್ಕೆ ಏರಿಸಿದರು. 1998ರಲ್ಲಿ ನಡೆದ ಜನಮತಗಣನೆಯಲ್ಲಿ ನೆಲದ ಮೇಲೆ ಖಾಸಗಿ ಒಡೆತನವನ್ನು ಒಪ್ಪಲಾಯಿತು. ಬಡವರು ಕಷ್ಟಕ್ಕೆ ಒಳಗಾಗಿ ಹೊಲ ಮಾರಿಕೊಂಡಾರೆಂಬ ಭಯದಿಂದ ಕೆಲವು ವರ್ಷ ಮಾರಾಟಕ್ಕೆ ತಡೆಯಿತ್ತು. 2001ರಲ್ಲಿ ಅದನ್ನು ತೆಗೆದರು.

ಪಾಲು ಎಷ್ಟು ದೊರೆಯಿತು? ಉತ್ತರದಲ್ಲಿ ನೆಲ ಹೆಚ್ಚು, ಜನ ಕಡಿಮೆ. ಒಂದು ಮನೆಗೆ ಕೆಲವು ಎಕರೆ ಬಂತು. ದಕ್ಷಿಣದಲ್ಲಿ ಜನ ದಟ್ಟ. ಅಲ್ಲಿ ಹಲವೆಡೆ ತಲೆಗೆ ಹತ್ತು ‘ಸೋತ್ಕ’ ಮಾತ್ರ ನೀರಾವರಿ ನೆಲ ದೊರೆಯಿತು. ಸೋತ್ಕ ಎಂದರೆ ಹೆಕ್ಟೇರಿನ ನೂರನೆಯ ಒಂದು ಭಾಗ. ನಮ್ಮ ಗುಂಟೆಯೂ ಹೆಚ್ಚುಕಡಿಮೆ ಅಷ್ಟೇ. ಹತ್ತು ಸೋತ್ಕ ಎಂದರೆ ಹತ್ತು ಗುಂಟೆ. ಸೆಂಟಿನ ಲೆಕ್ಕ ಹಾಕುವ ಕಡೆಯವರು ಇಪ್ಪತ್ತೈದು ಸೆಂಟು ಎಂದುಕೊಳ್ಳಬಹುದು. ಆರು ಜನರ ಮನೆಗೆ ಒಂದೂವರೆ ಎಕರೆ. ಅದೂ ಅನೇಕ ಕಡೆ ಒಂದೇ ತುಂಡಾಗಿರದೆ, ಅಲ್ಲಷ್ಟು ಇಲ್ಲಷ್ಟು ಹರಡಿತ್ತು.

ನೆಲ ಹಂಚುವಾಗ ತಲೆಲೆಕ್ಕ ನ್ಯಾಯವಾಗಿ ನಡೆದ ಊರುಗಳಲ್ಲಿ ಕೂಡ ಕುರಿ, ಟ್ರಾಕ್ಟರು, ಕೊಟ್ಟಿಗೆ, ಉಗ್ರಾಣಗಳನ್ನು ಹಂಚುವಾಗ ತೊಂದರೆ ಬಂತು. ಕೂಟದ ಅಧ್ಯಕ್ಷನಿಗೂ ಅವನ ಬಳಗಕ್ಕೂ ಒಳ್ಳೆಯ ಪಾಲು ಬಂದುದನ್ನು ಅಧ್ಯಯನ ಮಾಡಿದವರೆಲ್ಲ ಬರೆದಿದ್ದಾರೆ. ಒಂದು ಟ್ರಾಕ್ಟರು ಎಂಟು ಹತ್ತು ಮನೆಗಳ ಸೊತ್ತಾಗಿ, ರಿಪೇರಿಗೆ ದುಡ್ಡು ಹಾಕುವವರಿಲ್ಲದೆ ಮೂಲೆಗೆ ಬಿದ್ದುದೂ ಉಂಟು. ಹೆಂಗಸರ ಪಾಲಿನದು ಇನ್ನೊಂದು ತೊಡಕು. ಪಾಲು ಪ್ರತಿಯೊಬ್ಬರಿಗೆ, ಆದರೆ ಪತ್ರ ಮನೆಗೆ ಒಂದೇ, ಯಜಮಾನನ ಕೈಯಲ್ಲಿ. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದರೆ ಅವಳ ಹತ್ತು ಸೋತ್ಕ ತವರಿನಲ್ಲಿಯೇ ಉಳಿಯಿತು. ಗಂಡನನ್ನು ಬಿಟ್ಟು ಬಂದವಳಿಗೆ ಎರಡು ಕಡೆಯೂ ಇಲ್ಲ. ಕಾಗದದ ಮೇಲಿನ ಸಮಾನತೆ ಹೊಲದ ಬದುವಿನವರೆಗೆ ನಡೆದು ಬರಲಿಲ್ಲ.

ಇಷ್ಟಾದರೂ ಹಂಚಿಕೆಯಿಂದ ಜನ ಬದುಕಿದರೆಂಬುದನ್ನು ಒಪ್ಪಲೇಬೇಕು. 1996ರಿಂದ ಬೇಸಾಯದ ಉತ್ಪತ್ತಿ ಮೇಲೇರತೊಡಗಿತು. ಮನೆಮಂದಿ ಊಟಕ್ಕೆ ಗೋದಿ, ಬಟಾಟೆ ಬೆಳೆದುಕೊಂಡರು. ಸಂಬಳವೂ ಇಲ್ಲದ, ವೃದ್ಧಾಪ್ಯದ ಮಾಸಾಶನವೂ ಸರಿಯಾಗಿ ಬಾರದ ಆ ದಿನಗಳಲ್ಲಿ ಈ ಚಿಕ್ಕ ತುಂಡು ನೆಲವೇ ಹಸಿವಿನಿಂದ ಕಾಯಿತು. ಆದರೆ ಹೊಟ್ಟೆ ತುಂಬಿಸುವುದು ಬೇರೆ, ಏಳಿಗೆ ಬೇರೆ. 1990ರ ದಶಕದ ಕೊನೆಯಲ್ಲಿಯೂ ದೇಶದ ಅರ್ಧಕ್ಕೂ ಹೆಚ್ಚು ಜನ ಬಡತನದ ಗೆರೆಯ ಕೆಳಗೆ ಇದ್ದರು.

ಕುರಿಗಳು ಕರಗಿದ ಬಗೆ

1990ರ ಸುಮಾರಿಗೆ ಆ ದೇಶದಲ್ಲಿ ಕುರಿ ಮೇಕೆಗಳ ಸಂಖ್ಯೆ 1 ಕೋಟಿಯಷ್ಟಿತ್ತು. ಆರೇಳು ವರ್ಷಗಳಲ್ಲಿ ಅದು 40 ಲಕ್ಷಕ್ಕಿಂತ ಕೆಳಗೆ ಇಳಿಯಿತು. ದೊಡ್ಡ ರೋಗವಾಗಲಿ, ಯುದ್ಧವಾಗಲಿ ಬಂದಿರಲಿಲ್ಲ. ಕಾರಣಗಳು ನಾಲ್ಕು:

1. ಹಳೆಯ ಮಂದೆಗಳಲ್ಲಿ ನಯವಾದ ಉಣ್ಣೆಯ ಮಿಶ್ರತಳಿಗಳು ಹೆಚ್ಚು. ಅವಕ್ಕೆ ಚಳಿಗಾಲದಲ್ಲಿ ಕೊಟ್ಟಿಗೆಯೂ ಕೊಂಡು ತಂದ ಕಾಳೂ ಬೇಕು. ಕಾಳು ಬರುವುದು ನಿಂತಾಗ ಅವನ್ನು ಸಾಕುವುದು ಅಸಾಧ್ಯವಾಯಿತು.

2. ಉಣ್ಣೆಯನ್ನು ಕೊಳ್ಳುತ್ತಿದ್ದುದು ಒಕ್ಕೂಟದ ಗಿರಣಿಗಳು. ಅವು ನಿಂತಾಗ ಉಣ್ಣೆಗೆ ಕತ್ತರಿಸುವ ಕೂಲಿಯೂ ಹುಟ್ಟಲಿಲ್ಲ.

3. ಸಾಲದ ಬಾಧೆ, ಕೂಲಿ ಬಾಕಿಗಳನ್ನು ತೀರಿಸಲು ಕೂಟಗಳೇ ಕುರಿಗಳನ್ನು ಕೊಟ್ಟುಬಿಟ್ಟವು.

4. ಮನೆಗೆ ಹತ್ತು ಹದಿನೈದರಂತೆ ಕುರಿ ಸಿಕ್ಕ ಬಡವರು ಹಿಟ್ಟು, ಎಣ್ಣೆ, ಮಕ್ಕಳ ಬಟ್ಟೆಗಾಗಿ ಒಂದೊಂದನ್ನೇ ಮಾರಿದರು ಅಥವಾ ಕೊಯ್ದು ತಿಂದರು.

ಅಂದರೆ ಕುರಿಯೇ ಆ ಮನೆಯ ಬ್ಯಾಂಕಾಗಿತ್ತು. ಕಷ್ಟಕಾಲದಲ್ಲಿ ಬ್ಯಾಂಕನ್ನೇ ತಿಂದು ಮುಗಿಸಿದಂತಾಯಿತು. ಕಷ್ಟ ಕಳೆದು ಬಂದವರು ಮುಂದೆ ನಯವಾದ ಉಣ್ಣೆಯ ಆಸೆ ಬಿಟ್ಟು, ಆ ಚಳಿಗೆ ತಡೆಯುವ, ಮಾಂಸಕ್ಕೆ ಬರುವ ನಾಟಿ ತಳಿಗೆ ಮರಳಿದರು. ಮಂದೆಗಳು ನಿಧಾನವಾಗಿ ಬೆಳೆದು, ಈಗ ಕುರಿ ಮೇಕೆಗಳು 60 ಲಕ್ಷದ ಆಸುಪಾಸಿಗೆ ಬಂದಿವೆ. ಕೊಂಡು ತಂದ ಮೇವಿನ ಮೇಲೆ ನಿಂತ ತಳಿಯು ಆ ಮೇವು ಇರುವವರೆಗೆ ಮಾತ್ರ. ಇದನ್ನು ಹಸು, ಎಮ್ಮೆ ಸಾಕುವವರೂ ಮನಸ್ಸಿನಲ್ಲಿಡಬೇಕು.

ನೀರಿಗೆ ಒಡೆಯನಾರು?

ಕೂಟದ ಕಾಲದಲ್ಲಿ ಊರೊಳಗಿನ ಕಾಲುವೆಗಳನ್ನು ಕೂಟವೇ ನೋಡಿಕೊಳ್ಳುತ್ತಿತ್ತು. ಒಂದು ಕೂಟವಿದ್ದಲ್ಲಿ ಈಗ ಸಾವಿರ ಮನೆಗಳ ಸಾವಿರ ತುಂಡುಗಳು. ದೊಡ್ಡ ಕಾಲುವೆ ಸರಕಾರದ್ದು, ಹೊಲ ರೈತನದು. ನಡುವಿನ ಸಣ್ಣ ಕಾಲುವೆ ಯಾರದೂ ಅಲ್ಲ! ಹೂಳು ತುಂಬಿತು, ತೂಬುಗಳು ಕಳುವಾದವು, ತಲೆಕಾಲುವೆಯವರು ನೀರು ಹಿಡಿದರು, ಬಾಲಕಾಲುವೆಯವರ ಪೈರು ಒಣಗಿತು. ರಾತ್ರಿ ನೀರು ಕದಿಯುವುದು, ಸಲಿಕೆ ಹಿಡಿದು ಬಡಿದಾಡುವುದು ನಡೆಯಿತು. ನೀರಿನ ಸರದಿ ಬಲ್ಲ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಮದ್ದಾಗಿ ಬಂದುದು ನೀರು ಬಳಕೆದಾರರ ಸಂಘ. 2002ರಲ್ಲಿ ಅದಕ್ಕಾಗಿಯೇ ಕಾಯಿದೆಯಾಯಿತು. ಒಂದು ಕಾಲುವೆಯ ಕೆಳಗಿನ ರೈತರೆಲ್ಲ ಸೇರಿ ಸಂಘ ಕಟ್ಟಿ, ನೀರಿನ ದರ ಗೊತ್ತುಮಾಡಿ, ‘ಮುರಾಬ್’ ಎಂಬ ನೀರಗಂಟಿಯನ್ನು ಸಂಬಳಕ್ಕಿಟ್ಟು, ಸರದಿಯ ಪಟ್ಟಿಯಂತೆ ನೀರು ಬಿಡುವುದು ಇದರ ಕ್ರಮ. ದೇಶದಲ್ಲಿ ಇಂತಹ ನಾನೂರಕ್ಕೂ ಹೆಚ್ಚು ಸಂಘಗಳಾದವು. ವಿಶ್ವ ಬ್ಯಾಂಕಿನ ನೆರವಿನಿಂದ ಹಲವು ಕಾಲುವೆಗಳು ದುರಸ್ತಿಯಾದವು.

ಎಲ್ಲ ಸಂಘಗಳೂ ಚೆನ್ನಾಗಿ ನಡೆದವೆಂದಲ್ಲ. ದರ ತೀರ ಕಡಿಮೆ ಇಟ್ಟು, ಅದನ್ನೂ ವಸೂಲು ಮಾಡದೆ ಬಡವಾದ ಸಂಘಗಳಿವೆ. ಆದರೆ ಲೆಕ್ಕವನ್ನು ಸಭೆಯಲ್ಲಿ ಓದಿ ಹೇಳುವ, ಬಾಲಕಾಲುವೆಯವನಿಗೂ ಸಮಿತಿಯಲ್ಲಿ ಜಾಗ ಕೊಡುವ ಊರಿನಲ್ಲಿ ಜಗಳ ಕಡಿಮೆಯಾಗುವುದು ಸಹಜ. ಕಿರ್ಗಿಜರಲ್ಲಿ ‘ಅಶಾರ್’ ಎಂಬ ಹಳೆಯ ಪದ್ಧತಿಯಿದೆ. ಮನೆ ಕಟ್ಟಲು, ಕಾಲುವೆ ತೋಡಲು ಊರವರು ಕೂಲಿಯಿಲ್ಲದೆ ಕೈಗೂಡಿಸುವುದು. ನಮ್ಮ ಮುಯ್ಯಾಳಿನ ಸೋದರನೆನ್ನಬಹುದು. ಕೂಟ ಮುರಿದರೂ ಅಶಾರ್ ಉಳಿದುಕೊಂಡುದರಿಂದ ಹಲವು ಕಾಲುವೆಗಳ ಹೂಳು ಹೊರಬಿತ್ತು.

ಹುಲ್ಲುಗಾವಲಿನ ಕಾಯಿದೆ

ಉಳುವ ನೆಲ ಹಂಚಿದರೂ ಹುಲ್ಲುಗಾವಲನ್ನು ಹಂಚಲಿಲ್ಲ. ಅದು ಸರಕಾರದ ಸ್ವತ್ತಾಗಿಯೇ ಉಳಿಯಿತು. ಆದರೆ ಆಡಳಿತವನ್ನು ಮೂರು ತುಂಡು ಮಾಡಿದ್ದರು. ಊರ ಹತ್ತಿರದ್ದು ಗ್ರಾಮದ ಕೈಯಲ್ಲಿ, ನಡುವಿನದು ತಾಲ್ಲೂಕಿನ ಕೈಯಲ್ಲಿ, ದೂರದ ಜಾಯ್ಲೂ ಪ್ರಾಂತದ ಕೈಯಲ್ಲಿ. ಮಂದೆಯಾದರೋ ಒಂದೇ ವರ್ಷದಲ್ಲಿ ಈ ಮೂರನ್ನೂ ಹಾದು ಹೋಗಬೇಕು! ಒಬ್ಬ ಕುರಿಗಾರ ಮೂರು ಕಚೇರಿ ಸುತ್ತಬೇಕಾಯಿತು. ಐದು ಹತ್ತು ಕುರಿಯ ಬಡವನಿಗೆ ಲಾರಿ ಬಾಡಿಗೆ ಕೊಟ್ಟು ದೂರ ಹೋಗುವುದು ಗಿಟ್ಟಲಿಲ್ಲ. ಹೀಗಾಗಿ ಎಲ್ಲರ ಮಂದೆಯೂ ಊರ ಸುತ್ತಲೇ ಮೇದು, ಹತ್ತಿರದ ಗಾವಲು ಬೋಳಾಗಿ ಮಣ್ಣು ಕೊಚ್ಚಿ ಹೋಯಿತು. ದೂರದ ಒಳ್ಳೆಯ ಹುಲ್ಲು ಮೇಯುವವರಿಲ್ಲದೆ ಒಣಗಿತು. ಗೋಮಾಳ ಬೋಳಾದುದನ್ನು ಕಂಡ ಜತ್ತ, ಮಡಕಶಿರ ಕಡೆಯ ಕುರಿಗಾರರಿಗೆ ಮೊದಲನೆಯ ಅರ್ಧ ಚೆನ್ನಾಗಿ ಅರ್ಥವಾದೀತು.

2009ರ ಹುಲ್ಲುಗಾವಲು ಕಾಯಿದೆಯು ಮೂರು ಬಗೆಯ ಗಾವಲನ್ನೂ ಗ್ರಾಮಾಡಳಿತದ ಅಧೀನಕ್ಕೆ ತಂದಿತು. ಊರಿನ ಬಳಕೆದಾರರೇ ಆರಿಸುವ ‘ಜಾಯಿತ್ ಸಮಿತಿ’ಯು ಯಾವ ತಿಂಗಳು ಯಾವ ಗಾವಲಿಗೆ ಮಂದೆ ಹೋಗಬೇಕೆಂದು ಗೊತ್ತುಮಾಡುತ್ತದೆ. ಮೊದಲು ಹೆಕ್ಟೇರಿಗೆ ಇಷ್ಟೆಂದು ಗುತ್ತಿಗೆ ಕೊಡುತ್ತಿದ್ದರು. ದುಡ್ಡುಳ್ಳವರು ಒಳ್ಳೆಯ ಗಾವಲನ್ನು ಹಿಡಿದುಕೊಳ್ಳುತ್ತಿದ್ದರು. ಈಗ ತಲೆಗೆ, ಅಂದರೆ ಕುರಿಗೆ ಇಷ್ಟು, ದನಕ್ಕೆ ಇಷ್ಟು ಎಂದು ಶುಲ್ಕ. ಆ ಹಣದಿಂದ ಕೆಟ್ಟ ಸೇತುವೆ, ದಾರಿ, ನೀರಿನ ತೊಟ್ಟಿಗಳನ್ನು ದುರಸ್ತಿ ಮಾಡಬೇಕು. ಹತ್ತಾರು ಕಡೆ ಸೇತುವೆಯೊಂದು ಸರಿಯಾದ ಮಾತ್ರಕ್ಕೇ ದೂರದ ಜಾಯ್ಲೂ ಮತ್ತೆ ಬಳಕೆಗೆ ಬಂತು.

ಇದರಲ್ಲಿಯೂ ದೋಷಗಳಿವೆ. ಶುಲ್ಕ ಉಳಿಸಲು ಕುರಿಗಳ ಲೆಕ್ಕ ಕಡಿಮೆ ಹೇಳುವುದು, ದೊಡ್ಡ ಮಂದೆಯವರೇ ಸಮಿತಿಯನ್ನು ತುಂಬುವುದು, ಇವು ಹಲವು ಕಡೆ ಕಂಡಿವೆ. ಆದರೂ ಪೂರ್ತಿ ಸರಕಾರದ್ದೂ ಅಲ್ಲದ, ಪೂರ್ತಿ ಒಬ್ಬನದೂ ಅಲ್ಲದ ಸ್ವತ್ತನ್ನು ಊರು ಕೂಡಿ ಆಳಬಹುದೆಂದು ಈ ಕಾಯಿದೆ ತೋರಿಸಿದೆ.

ಸಾಲ ಮತ್ತು ಪೇಟೆ

ಹಳೆಯ ಕೃಷಿ ಬ್ಯಾಂಕು 1996ರಲ್ಲಿ ಮುಚ್ಚಿತು. ಕೈಯಲ್ಲಿ ನೆಲದ ಪತ್ರವಿದ್ದರೂ ಬಿತ್ತನೆಗೆ ಸಾಲ ಕೊಡುವವರಿರಲಿಲ್ಲ. ಆ ಮೇಲೆ ವಿದೇಶಿ ನೆರವಿನಿಂದ ರೈತರಿಗೆ ಸಾಲ ಕೊಡುವ ಒಂದು ಸಂಸ್ಥೆಯನ್ನು ಹುಟ್ಟುಹಾಕಿದರು. ಅದು 2006ರಲ್ಲಿ ‘ಆಯಿಲ್ ಬ್ಯಾಂಕ್’, ಅಂದರೆ ಹಳ್ಳಿಯ ಬ್ಯಾಂಕು ಎಂಬ ಹೆಸರು ಪಡೆಯಿತು. ಹೆಂಗಸರ ಗುಂಪುಗಳಿಗೆ ಪರಸ್ಪರ ಜಾಮೀನಿನ ಮೇಲೆ ಸಣ್ಣ ಸಾಲ ಕೊಡುವ ಸಂಸ್ಥೆಗಳೂ ಬಂದವು. ಬಡ್ಡಿ ಮಾತ್ರ ಬಹಳ ಕಾಲ ಭಾರವಾಗಿಯೇ ಇತ್ತು.

ಪೇಟೆಯ ಕಥೆಗೆ ತಲಾಸ್ ಕಣಿವೆಯನ್ನು ನೋಡಬೇಕು. ಒಕ್ಕೂಟ ಹೋದ ಮೇಲೆ ತುರ್ಕಿಯ ವ್ಯಾಪಾರಿಗಳು ಬಂದು ಬೀನ್ಸ್ ಕಾಳನ್ನು, ಅಂದರೆ ನಾವು ಅಂಗಡಿಯಲ್ಲಿ ರಾಜ್ಮಾ ಎಂದು ಕೊಳ್ಳುವ ಜಾತಿಯ ಕಾಳನ್ನು, ಕೊಳ್ಳತೊಡಗಿದರು. ತಲಾಸಿನ ತಂಪು ಹವೆ, ಕಾಲುವೆ ನೀರು, ಮನೆಮಂದಿಯ ಕೈಕೆಲಸ, ಮೂರೂ ಆ ಬೆಳೆಗೆ ಹೊಂದಿದವು. ಕಾಳು ಬೇಗ ಕೆಡುವುದಿಲ್ಲ, ದೂರ ಸಾಗಿಸಬಹುದು. ಕೆಲವೇ ವರ್ಷಗಳಲ್ಲಿ ಕಣಿವೆಯ ಹೊಲಗಳ ಬಹುಪಾಲು ಬೀನ್ಸ್ ಆಗಿ, ಬಡ ಪ್ರಾಂತವೊಂದು ಮೇಲೆದ್ದಿತು. ಮನೆಗಳು ರಿಪೇರಿಯಾದವು, ಮಕ್ಕಳು ಕಾಲೇಜಿಗೆ ಹೋದರು.

ಆದರೆ ಬೆಳೆದುದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಪರದೇಶಕ್ಕೇ ಹೋಗಬೇಕು. ಆ ಊರುಗಳಲ್ಲಿ ತಿನ್ನುವವರು ಕಡಿಮೆ. ಒಂದು ವರ್ಷ ಬೆಲೆ ಏರಿದರೆ ಹಬ್ಬ. ಇಳಿದರೆ ಮೂಟೆಗಳನ್ನು ಉಗ್ರಾಣದಲ್ಲಿಟ್ಟು ಕಾಯಬೇಕು, ಸಾಲದ ಕಂತು ಮಾತ್ರ ಕಾಯುವುದಿಲ್ಲ. ವರ್ಷ ವರ್ಷವೂ ಅದೇ ಬೆಳೆಯಿಂದ ನೆಲದ ಸಾರವೂ ಇಳಿದು, ರೋಗವೂ ಹೆಚ್ಚುತ್ತದೆ. ಒಂದೇ ಬೆಳೆ, ಒಂದೇ ಪೇಟೆಯನ್ನು ನಂಬಿದ ಕಣಿವೆಗೆ ಮೇಲೇರುವುದೂ ಬೇಗ, ಜಾರುವುದೂ ಬೇಗ.

ನೆರೆಯವರು ಹಿಡಿದ ಬೇರೆ ಹಾದಿ

ಪಕ್ಕದ ಉಜ್ಬೇಕಿಸ್ತಾನವು ಅವಸರಪಡಲಿಲ್ಲ. ನೆಲವನ್ನು ಸರಕಾರವೇ ಇಟ್ಟುಕೊಂಡು, ರೈತನಿಗೆ ಗುತ್ತಿಗೆ ಕೊಟ್ಟು, ಇಷ್ಟು ಹತ್ತಿ, ಇಷ್ಟು ಗೋದಿ ಕೊಡಲೇಬೇಕೆಂದು ಗೊತ್ತುಮಾಡಿತು. ಇದರಿಂದ 1990ರ ದಶಕದಲ್ಲಿ ಅಲ್ಲಿಯ ಉತ್ಪತ್ತಿ ಕಿರ್ಗಿಜರಷ್ಟು ಕುಸಿಯಲಿಲ್ಲ; ಐದರಲ್ಲೊಂದು ಪಾಲಿನಷ್ಟೇ ಇಳಿಯಿತು. ಮೊದಲ ನೋಟಕ್ಕೆ ಉಜ್ಬೇಕರೇ ಜಾಣರೆನ್ನಿಸುತ್ತದೆ.

ಆದರೆ ಬೆಲೆ ತೆತ್ತವರಾರು? ಹತ್ತಿಗೆ ಸರಕಾರ ಕಟ್ಟಿದ ಬೆಲೆ ಪೇಟೆಯ ಬೆಲೆಗಿಂತ ಬಹಳ ಕಡಿಮೆ. ಸುಗ್ಗಿಯಲ್ಲಿ ಶಾಲೆಯ ಮಕ್ಕಳು, ಮಾಸ್ತರರು, ದವಾಖಾನೆಯ ದಾದಿಯರು ಸಹ ಹತ್ತಿ ಬಿಡಿಸಲು ಹೊಲಕ್ಕೆ ಹೋಗಲೇಬೇಕಾಗಿತ್ತು. ಆದವಾನಿಯ ಹತ್ತಿ ಪೇಟೆಯನ್ನು ಬಲ್ಲವರು ಯೋಚಿಸಲಿ: ಬೆಳೆ ನಿಮ್ಮದು, ಬೆವರು ನಿಮ್ಮದು, ಆದರೆ ಕೊಳ್ಳುವವನು ಒಬ್ಬನೇ, ಬೆಲೆ ಕಟ್ಟುವವನೂ ಅವನೇ! ಸೋವಿಯೆತ್ ಕಾಲದಿಂದ ಹತ್ತಿಗಾಗಿ ನದಿಗಳನ್ನು ತಿರುಗಿಸಿದುದರ ಫಲವಾಗಿ, 1960ರ ಹೊತ್ತಿಗೆ ಜಗತ್ತಿನ ನಾಲ್ಕನೆಯ ದೊಡ್ಡ ಸರೋವರವಾಗಿದ್ದ ಅರಾಲ್ ಸಮುದ್ರ ಈಗ ಹತ್ತರಲ್ಲೊಂದು ಪಾಲಿನಷ್ಟು ಉಳಿದಿದೆ. ಹೊರಗಿನ ಕಂಪನಿಗಳು ಉಜ್ಬೇಕ್ ಹತ್ತಿಯನ್ನು ಬಹಿಷ್ಕರಿಸಿದ ಮೇಲೆ ಸರಕಾರ ದಾರಿ ಬದಲಿಸಿತು. 2020ರಲ್ಲಿ ಹತ್ತಿಯ ಕಡ್ಡಾಯ ಲೇವಿ ನಿಂತಿತು, 2022ರಲ್ಲಿ ಬಹಿಷ್ಕಾರವೂ ಹಿಂತೆಗೆದುಕೊಳ್ಳಲಾಯಿತು. ಈಗ ಸರಕಾರದ ಬದಲು ಖಾಸಗಿ ಹತ್ತಿ ಕಂಪನಿಗಳು ಆಯಾ ಪ್ರದೇಶದ ರೈತರಿಂದ ಕೊಳ್ಳುತ್ತವೆ. ಹಣ ತಡವಾಗಿ ಬರುತ್ತದೆಂಬ ದೂರು ಅಲ್ಲಿದೆ.

ಅವಸರದಿಂದ ಬಿಟ್ಟುಕೊಟ್ಟರೆ ರೈತ ನಿರಾಧಾರನಾಗುತ್ತಾನೆ. ಬಿಡದೆ ಹಿಡಿದರೆ ಆಳಾಗಿಯೇ ಉಳಿಯುತ್ತಾನೆ. ಎರಡರ ನಡುವೆ ಇರುವ ದಾರಿ ರೈತರ ಸ್ವಂತ ಸಂಘಗಳದು. ಅದು ಎರಡೂ ದೇಶಗಳಲ್ಲಿ ತಡವಾಗಿ ಹುಟ್ಟಿತು.

ಊರು ಬಿಟ್ಟವರು, ಗಡಿಯಲ್ಲಿ ಉಳಿದವರು

ಹತ್ತು ಗುಂಟೆಯಿಂದ ಹೊಟ್ಟೆ ತುಂಬದ ಯುವಕರು ರಶಿಯಾಕ್ಕೆ ಕೂಲಿಗೆ ಹೋದರು. ಕಟ್ಟಡದ ಕೆಲಸ, ಬೀದಿ ಗುಡಿಸುವುದು, ಅಂಗಡಿ, ಹೋಟೆಲು, ಸಿಕ್ಕಿದುದೆಲ್ಲ ಮಾಡಿದರು. 2010ರ ನಂತರದ ವರ್ಷಗಳಲ್ಲಿ ಅವರು ಮನೆಗೆ ಕಳಿಸುವ ಹಣವು ದೇಶದ ಒಟ್ಟು ಉತ್ಪತ್ತಿಯ ನೂರಕ್ಕೆ ಮೂವತ್ತರ ಹತ್ತಿರಕ್ಕೆ ಬಂತು. ಬಡತನ ಇಳಿಯಲು ಈ ಹಣವೇ ಒಂದು ದೊಡ್ಡ ಕಾರಣ. ಆದರೆ ರಶಿಯಾದಲ್ಲಿ ರೂಬಲಿನ ಬೆಲೆ ಬಿದ್ದ 2014-15ರಲ್ಲಿ ಇಲ್ಲಿಯ ಒಲೆಯೂ ತಣ್ಣಗಾಯಿತು. ತಾಯಿ ತಂದೆ ಇಬ್ಬರೂ ಹೋದ ಮನೆಗಳಲ್ಲಿ ಮಕ್ಕಳು ಅಜ್ಜ ಅಜ್ಜಿಯರ ಕೈಯಲ್ಲಿ ಬೆಳೆದರು. ಕೂಟ ನಡೆಸುತ್ತಿದ್ದ ಶಿಶುವಿಹಾರಗಳ ಬಹುಪಾಲು 1990ರ ದಶಕದಲ್ಲಿಯೇ ಮುಚ್ಚಿದ್ದವು. ಬಂದ ಹಣದಿಂದ ಹಲವರು ಕುರಿ, ಕುದುರೆ ಕೊಂಡರು. ಬೋಳಾದ ಗಾವಲಿನ ಮೇಲೆ ಮತ್ತೆ ಭಾರ ಬಿತ್ತು.

ಗಡಿಯ ಮಾತು ನಮಗೆ ಹತ್ತಿರದ್ದು. ಸೋವಿಯೆತ್ ಕಾಲದಲ್ಲಿ ಎಳೆದ ಗಣರಾಜ್ಯಗಳ ಗೆರೆಗಳು ಒಂದೇ ದೇಶದೊಳಗಿನ ಗೆರೆಗಳಾಗಿದ್ದವು. 1956ರಲ್ಲಿ ನಮ್ಮ ರಾಜ್ಯಗಳ ಗೆರೆ ಎಳೆದಾಗ ಒಂದು ಭಾಷೆಯ ಊರುಗಳು ಇನ್ನೊಂದು ಭಾಷೆಯ ರಾಜ್ಯದಲ್ಲಿ ಉಳಿದಂತೆ ಅಲ್ಲಿಯೂ ಉಜ್ಬೇಕರು, ತಾಜಿಕರು, ಕಿರ್ಗಿಜರು ಪರಸ್ಪರ ಗೆರೆಯಾಚೆ ಉಳಿದಿದ್ದರು. ವ್ಯತ್ಯಾಸವೇನೆಂದರೆ 1991ರಲ್ಲಿ ಅವರ ಗೆರೆಗಳು ಪರದೇಶದ ಗಡಿಗಳಾದವು. ಹೊಲ ಇತ್ತ, ಕಾಲುವೆಯ ತೂಬು ಅತ್ತ, ನೆಂಟರು ತಂತಿಬೇಲಿಯ ಆಚೆ. 1990ರ ಜೂನ್‌ನಲ್ಲಿ ಓಶ್ ಪ್ರಾಂತದಲ್ಲಿ ಒಂದು ಕೂಟದ ನೆಲವನ್ನು ಮನೆ ಕಟ್ಟಲು ಕೊಡುವ ವಿಷಯದಿಂದ ಹತ್ತಿದ ಕಿಡಿ ಕಿರ್ಗಿಜ್ ಉಜ್ಬೇಕರ ನಡುವೆ ದೊಡ್ಡ ಹಿಂಸೆಯಾಯಿತು. 2010ರ ಜೂನ್‌ನಲ್ಲಿ ಮತ್ತೆ ನಡೆದ ಗಲಭೆಯಲ್ಲಿ ನೂರಾರು ಜನ ಸತ್ತರು. 2021ರ ಏಪ್ರಿಲ್‌ನಲ್ಲಿ ಕಿರ್ಗಿಜ್ ತಾಜಿಕ್ ಗಡಿಯಲ್ಲಿ ನೀರು ಹಂಚುವ ಒಂದು ಕಟ್ಟೆಯ ಬಳಿ ಆರಂಭವಾದ ಕಲಹವು ಬಂದೂಕಿಗೆ ತಿರುಗಿತು. 2022ರಲ್ಲಿ ಇನ್ನೂ ದೊಡ್ಡ ಹೋರಾಟವಾಯಿತು. ಕೊನೆಗೆ 2025ರ ಮಾರ್ಚಿಯಲ್ಲಿ ಎರಡು ದೇಶಗಳೂ ಗಡಿ ಒಪ್ಪಂದಕ್ಕೆ ಸಹಿ ಹಾಕಿ, ಮುಚ್ಚಿದ್ದ ದಾರಿಗಳನ್ನು ತೆರೆದವು. ಗಡಿಯ ಹಳ್ಳಿಗಳಲ್ಲಿ ನೀರಿನ ಪಟ್ಟಿಯನ್ನು ಇಬ್ಬರೂ ಒಪ್ಪುವಂತೆ ಮಾಡಿಟ್ಟುಕೊಳ್ಳುವುದು ಎಷ್ಟು ದೊಡ್ಡ ಶಾಂತಿಯ ಕೆಲಸವೆಂಬುದು ಇದರಿಂದ ತಿಳಿಯುತ್ತದೆ.

ಪಾಠದ ಸಾರ

ಒಂದು: ನೆಲ, ನೀರು, ಸಾಲ, ಪೇಟೆ, ತಿಳುವಳಿಕೆ, ಈ ಐದೂ ಒಂದೇ ಗಾಡಿಯ ಭಾಗಗಳು. ಒಂದನ್ನು ಕೊಟ್ಟು ಉಳಿದುವನ್ನು ಮರೆತರೆ ಗಾಡಿ ನಡೆಯದು.

ಎರಡು: ಹಳೆಯ ಸಂಸ್ಥೆಯೊಂದನ್ನು ಮುರಿಯುವ ಮುನ್ನ ಅದು ಮಾಡುತ್ತಿದ್ದ ಕೆಲಸಗಳ ಪಟ್ಟಿ ಬರೆಯಬೇಕು. ಕೂಟವು ಕಾಲುವೆ, ಶಿಶುವಿಹಾರ, ಕಲ್ಲಿದ್ದಲನ್ನೂ ನೋಡುತ್ತಿತ್ತೆಂಬುದು ಅದು ಹೋದ ಮೇಲೆ ನೆನಪಾಯಿತು.

ಮೂರು: ಕೂಡಿ ಮಾಡಬೇಕಾದುದನ್ನು ಕೂಡಿಯೇ ಮಾಡಬೇಕು, ಒಬ್ಬನೇ ಮಾಡಬಹುದಾದುದನ್ನು ಒಬ್ಬನಿಗೇ ಬಿಡಬೇಕು. ಹೊಲ ಒಬ್ಬನದು ಆಗಲಿ; ಕಾಲುವೆ, ಗೋಮಾಳ, ಉಗ್ರಾಣ ಊರಿನದು ಆಗಲಿ.

ನಾಲ್ಕು: ಪತ್ರದ ಮೇಲೆ ಹೆಂಗಸಿನ ಹೆಸರಿರಲಿ. ಇಲ್ಲದಿದ್ದರೆ ಅವಳ ಪಾಲು ಮಾತಿನಲ್ಲಿಯೇ ಉಳಿಯುತ್ತದೆ.

ಊರಿನ ಕೂಟದಲ್ಲಿ ಚರ್ಚಿಸಲು

1. ನಮ್ಮ ಊರಿನ ಕೆರೆ ಅಥವಾ ಕಾಲುವೆಯ ಹೂಳು ಕೊನೆಯ ಬಾರಿ ತೆಗೆದುದು ಯಾವಾಗ? ತೆಗೆದವರು ಯಾರು?

2. ಗೋಮಾಳ ಎಷ್ಟು ಎಕರೆ ಉಳಿದಿದೆ? ಅದನ್ನು ಮೇಯಿಸುವ ಸರದಿಯನ್ನು ಯಾರು ಗೊತ್ತುಮಾಡುತ್ತಾರೆ?

3. ನಮ್ಮ ಮುಖ್ಯ ಬೆಳೆಯನ್ನು ಕೊಳ್ಳುವ ಪೇಟೆಗಳು ಎಷ್ಟು? ಒಂದು ಮುಚ್ಚಿದರೆ ಎರಡನೆಯದು ಯಾವುದು?

4. ದುಡಿಯಲು ಹೊರಗೆ ಹೋದವರು ಕಳಿಸಿದ ಹಣದಲ್ಲಿ ನೆಲಕ್ಕೆ, ನೀರಿಗೆ ಎಷ್ಟು ಹಾಕಿದ್ದೇವೆ?

5. ಮನೆಯ ಪಹಣಿಯಲ್ಲಿ, ಪಟ್ಟಾದಲ್ಲಿ, ಸಾತಬಾರದಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟು ಮನೆಗಳಲ್ಲಿದೆ?

ಈ ಐದು ಪ್ರಶ್ನೆಗಳಿಗೆ ಉತ್ತರವನ್ನು ಒಂದು ಕಾಗದದ ಮೇಲೆ ಬರೆದು ಗ್ರಾಮಸಭೆಯ ಮುಂದಿಡಿರಿ. ಕಿರ್ಗಿಜ್ ಹಳ್ಳಿಗಳು ಇಂತಹ ಪಟ್ಟಿಯನ್ನು ಸಂಕಟ ಬಂದ ಮೇಲೆ ಬರೆದವು. ನಮಗೆ ಇನ್ನೂ ಸಮಯವಿದೆ.